ಹಳೇ ಪೇಪರ್ ಜೊತೆ ಹೋದ ಹಕ್ಕಿಗಳು

ದೊಡ್ಡಮಾವ ತೀರಿಕೊಂಡ ಮರುವರ್ಷ, 2016ರಲ್ಲಿ, ಜಯನಗರದ ಅವರ ಮನೆಯನ್ನು ಬಿಲ್ಡರ್‌ಗೆ ಕೊಡೋದು ಅಂತ ತೀರ್ಮಾನವಾಯಿತು. ಅತ್ತೆ ಆಗಲೇ ಮಗಳ ಜೊತೆ ಅಮೆರಿಕದಲ್ಲಿದ್ದರು. ಬೆಂಗಳೂರಲ್ಲಿ ಕೈಗೆ ಸಿಗುವವನು ನಾನೊಬ್ಬನೇ, ಹಾಗಾಗಿ ಮನೆ ಖಾಲಿ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಶನಿವಾರ ಬೆಳಗ್ಗೆ ಶುರು ಮಾಡಿ ಭಾನುವಾರ ಸಂಜೆಗೆ ಮುಗಿಸಬೇಕು. ಸೋಮವಾರ ಆಫೀಸಿನಲ್ಲಿ ರಿಲೀಸ್ ಇತ್ತು.

ಪಾತ್ರೆ ಒಂದು ಕಡೆ, ಬಟ್ಟೆ ಒಂದು ಕಡೆ, ದೇವರ ಸಾಮಾನು ಒಂದು ಕಡೆ ಅಂತ ವಿಂಗಡಿಸಿದೆ. ರೂಮಿನ ಅಟ್ಟದ ಮೇಲೆ ಹಳೆಯ ಡೈರಿಗಳ ಎರಡು ಕಟ್ಟು ಸಿಕ್ಕವು. ಮಾವ ಬ್ಯಾಂಕಿನಲ್ಲಿದ್ದವರು, ಪ್ರತಿ ಹೊಸ ವರ್ಷಕ್ಕೂ ಅವರಿಗೊಂದು ಡೈರಿ ಬರುತ್ತಿತ್ತು. ಒಂದನ್ನು ತೆಗೆದು ನೋಡಿದೆ. ಅವರ ಗುಂಡಗಿನ ಅಕ್ಷರ. ಗುಬ್ಬಿ 22, ಮೈನಾ 6, ಹದ್ದು 4. ಇನ್ನೊಂದು ಪುಟ, ಮತ್ತೆ ಅದೇ. ಮನೆಯ ವಿಷಯ ಏನಾದರೂ ಬರೆದಿದ್ದಾರಾ ಅಂತ ಹುಡುಕಿದೆ, ಇರಲಿಲ್ಲ. ಮುಚ್ಚಿ ಪೇಪರ್ ರಾಶಿಗೆ ಹಾಕಿದೆ.

ಹಳೇ ಪೇಪರ್‌ನವನು ತಕ್ಕಡಿ ಇಟ್ಟುಕೊಂಡು ಬಂದ. ಪೇಪರ್ ಕೆಜಿಗೆ ಹತ್ತು ರೂಪಾಯಿ, ಆದರೆ ರಟ್ಟಿರೋ ಬುಕ್ಕಿಗೆ ಆ ರೇಟ್ ಬರಲ್ಲ ಸಾರ್, ಕಿತ್ತು ಕೊಡಿ ಅಂದ. ವರಾಂಡದಲ್ಲಿ ಕೂತು ಒಂದೊಂದಾಗಿ ರಟ್ಟು ಕಿತ್ತುಕೊಟ್ಟವನು ನಾನೇ.

ಆವತ್ತು ನನಗೆ ಬೇಸರವೇನೂ ಆಗಲಿಲ್ಲ. ಬೇಸರ ಶುರುವಾದದ್ದು ಎರಡು ವರ್ಷದ ನಂತರ, ಆಫೀಸಿನ ಕ್ಯಾಂಟೀನಿನಲ್ಲಿ. ನಮ್ಮ ಟೀಮಿಗೆ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ವೀಕೆಂಡ್ ಬಂದರೆ ಬೈನಾಕ್ಯುಲರ್ ಹಿಡಿದು ಕೆರೆ ಕೆರೆ ಸುತ್ತುವವಳು. ಮಾತಿಗೆ ಮಾತು ಬಂದು, ನಮ್ಮ ಮಾವನೂ ಹಕ್ಕಿ ನೋಡ್ತಾ ಇದ್ರು, ಎಪ್ಪತ್ತರ ದಶಕದ ಕೊನೆಯಿಂದ ಲಾಲ್‌ಬಾಗಿಗೆ ಹೋಗಿ ಲೆಕ್ಕ ಬರೆದುಕೊಳ್ತಿದ್ರು ಅಂದೆ.

"ಎಷ್ಟು ವರ್ಷ ಬರೆದಿದ್ದಾರೆ?"

"ಇಪ್ಪತ್ತೈದು ವರ್ಷ ಇರಬಹುದು."

ಅವಳು ಚಮಚ ಕೆಳಗಿಟ್ಟಳು. "ತಾರೀಖು, ಜಾಗ ಎಲ್ಲ ಹಾಕಿ?"

"ಹೂಂ."

"ಈಗ ಎಲ್ಲಿವೆ?"

ನಾನು ಉತ್ತರ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಮಾರಿದ್ದು ಏನನ್ನು ಅಂತ ತಿಳಿದುಕೊಳ್ಳುವುದಕ್ಕೇ ಆಮೇಲೆ ಓದೋಕೆ ಶುರು ಮಾಡಿದೆ. ಓದುತ್ತಾ ಹೋದಂತೆ ಇದೇ ಕೆಲಸ ನನಗಿಂತ ಸುಮಾರು 130 ವರ್ಷ ಮೊದಲು, ಇನ್ನೂ ದೊಡ್ಡ ಪ್ರಮಾಣದಲ್ಲಿ, ಶಿಮ್ಲಾದಲ್ಲಿ ನಡೆದಿತ್ತು ಅಂತ ಗೊತ್ತಾಯಿತು.

ಎ.ಒ. ಹ್ಯೂಮ್ ಹೆಸರು ನಮಗೆಲ್ಲ ಗೊತ್ತು. ಹೈಸ್ಕೂಲಿನಲ್ಲಿ ಒಂದು ಮಾರ್ಕಿನ ಪ್ರಶ್ನೆ. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಯಾದಾಗ ಮುಂದೆ ನಿಂತವರು. ಅದಕ್ಕೂ ಮೊದಲು ಅವರಿಗೆ ಇನ್ನೊಂದು ಬದುಕಿತ್ತು. ಬ್ರಿಟಿಷ್ ಸರ್ಕಾರದ ದೊಡ್ಡ ಅಧಿಕಾರಿ, ಇಟಾವಾದಲ್ಲಿ ಕಲೆಕ್ಟರ್ ಆಗಿದ್ದವರು, ಆಮೇಲೆ ಕೃಷಿ ಮತ್ತು ಕಂದಾಯ ಇಲಾಖೆಯ ಕಾರ್ಯದರ್ಶಿ. ಡ್ಯೂಟಿ ಮುಗಿದ ಮೇಲಿನ ಹೊತ್ತೆಲ್ಲ ಹಕ್ಕಿಗಳಿಗೆ. 1872ರಲ್ಲಿ ಅವರು ಒಂದು ಪತ್ರಿಕೆ ಶುರು ಮಾಡಿದರು. ಹೆಸರು 'ಸ್ಟ್ರೇ ಫೆದರ್ಸ್'. ಅಲ್ಲೊಂದು ಇಲ್ಲೊಂದು ಉದುರಿ ಬಿದ್ದ ಪುಕ್ಕಗಳು ಅಂತ ಅರ್ಥ.

ಆ ಪತ್ರಿಕೆಗೆ ಬರೆದವರು ಯಾರು? ಹೆಚ್ಚಿನವರು ಪ್ರೊಫೆಸರ್‌ಗಳಲ್ಲ. ಮಿಲಿಟರಿಯ ಕ್ಯಾಪ್ಟನ್‌ಗಳು, ಡಾಕ್ಟರ್‌ಗಳು, ಸಿವಿಲ್ ಸರ್ವೀಸಿನವರು. ಡಬ್ಲ್ಯೂ.ಇ. ಬ್ರೂಕ್ಸ್ ಅನ್ನುವವರು ರೈಲ್ವೆ ಇಂಜಿನಿಯರ್. ನೋಡಿದರೆ ಒಂದೇ ಥರ ಕಾಣುವ, ಎಲೆಗಳ ನಡುವೆ ಪುಟಪುಟ ಹಾರುವ ಉಲಿಯಕ್ಕಿಗಳನ್ನು ಬಿಡಿಸಿ ಗುರುತಿಸುವುದೇ ಅವರ ಹುಚ್ಚು. ಅಂಥ ಒಂದು ಹಕ್ಕಿಗೆ ಇವತ್ತಿಗೂ ಬ್ರೂಕ್ಸ್ ಹೆಸರೇ ಇದೆ. ನಮ್ಮ ಬೆಳಗಾವಿಯ ದಂಡಿನಲ್ಲಿದ್ದ ಕ್ಯಾಪ್ಟನ್ ಇ.ಎ. ಬಟ್ಲರ್ ದಖನ್ನಿನ ಮತ್ತು ಬೆಳಗಾವಿ ಸೀಮೆಯ ಹಕ್ಕಿಗಳ ಪಟ್ಟಿ ಮಾಡಿ ಕಳಿಸಿದರು. ಎಲ್ಲರೂ ಮಾಡಿದ ಕೆಲಸ ಒಂದೇ. ಯಾವ ಹಕ್ಕಿ, ಯಾವ ಊರು, ಯಾವ ತಿಂಗಳು, ಗೂಡು ಎಷ್ಟು ಎತ್ತರದಲ್ಲಿತ್ತು, ಮೊಟ್ಟೆ ಎಷ್ಟಿತ್ತು. ಬರೆದು ಅಂಚೆಗೆ ಹಾಕೋದು. ಹ್ಯೂಮ್ ಅದನ್ನೆಲ್ಲ ಜೋಡಿಸೋದು.

ಹೀಗೆ ಇಪ್ಪತ್ತೈದು ವರ್ಷ ಜೋಡಿಸಿದ ಮೇಲೆ, ಭಾರತದ ಹಕ್ಕಿಗಳ ಬಗ್ಗೆ ಒಂದು ಮಹಾಗ್ರಂಥ ಬರೆಯಬೇಕು ಅಂತ ಅವರು ಟಿಪ್ಪಣಿಗಳ ದೊಡ್ಡ ರಾಶಿಯನ್ನೇ ಸಿದ್ಧ ಮಾಡಿಟ್ಟುಕೊಂಡಿದ್ದರು. ಒಂದು ಚಳಿಗಾಲ ಶಿಮ್ಲಾದ ಬಂಗಲೆ ಬಿಟ್ಟು ಕೆಳಗೆ ಬಯಲಿಗೆ ಇಳಿದು ಬಂದರು. ವಾಪಸ್ ಹೋಗಿ ನೋಡಿದರೆ ಕಾಗದಗಳಿಲ್ಲ. ಮನೆಯ ಆಳೊಬ್ಬ ಅದನ್ನೆಲ್ಲ ಬಜಾರಿನಲ್ಲಿ ರದ್ದಿ ಲೆಕ್ಕದಲ್ಲಿ ಮಾರಿಬಿಟ್ಟಿದ್ದ.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಆ ಆಳಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತೋ ಇಲ್ಲವೋ, ಅದರ ಬೆಲೆ ಏನು ಅಂತ ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ನನಗೆ ಓದಲು ಬರುತ್ತಿತ್ತು. ಓದಿಯೇ ಮಾರಿದ್ದು.

ಹ್ಯೂಮ್ ಅಲ್ಲಿಗೆ ಕೈ ಚೆಲ್ಲಿದರು. 1885ರಲ್ಲಿ ತಮ್ಮ ಸಂಗ್ರಹವನ್ನೆಲ್ಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು. ಹಕ್ಕಿಯ ಚರ್ಮ, ಮೊಟ್ಟೆ, ಗೂಡು ಸೇರಿ ಸುಮಾರು 82 ಸಾವಿರ. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಆ ಮಹಾಗ್ರಂಥವನ್ನು ಅವರು ಬರೆಯಲೇ ಇಲ್ಲ. ಉಳಿದಿದ್ದ ಗೂಡು ಮತ್ತು ಮೊಟ್ಟೆಗಳ ಟಿಪ್ಪಣಿಯನ್ನು ಯೂಜೀನ್ ಓಟ್ಸ್ ಅನ್ನುವವರಿಗೆ ಕೊಟ್ಟರು, ಅವರು ಅದನ್ನು ಪುಸ್ತಕ ಮಾಡಿದರು. ಹಾಗೆ ಉಳಿದ ಪುಟಗಳಲ್ಲಿ ನಮ್ಮ ಬೆಳಗಾವಿಯೂ ಇದೆ.

ಹ್ಯೂಮ್ ಕಾಗದ ಕಳೆದುಕೊಂಡ ಕಾಲಕ್ಕೇ ನಮ್ಮ ಕಾರವಾರದಲ್ಲಿ ಇನ್ನೊಂದು ಇಂಥದೇ ಗುಂಪು ಕೆಲಸ ಶುರು ಮಾಡುತ್ತಿತ್ತು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜೇಮ್ಸ್ ಡೇವಿಡ್‌ಸನ್ ಕಲೆಕ್ಟರ್, ಟಿ.ಆರ್. ಬೆಲ್ ಅರಣ್ಯ ಇಲಾಖೆಯವರು, ಇ.ಎಚ್. ಐಟ್‌ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯವರು. ಮೂವರ ಇಲಾಖೆ ಬೇರೆ, ಹುಚ್ಚು ಒಂದೇ: ಚಿಟ್ಟೆ. ಮೊಟ್ಟೆ, ಹುಳು, ಕೋಶ ಎಲ್ಲ ಹಂತವನ್ನೂ ನೋಡಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ ಅಂತ ಬರೆದಿಟ್ಟು, ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಮೂವರೂ ಸೇರಿ 1896ರಿಂದ ಕಂತು ಕಂತಾಗಿ ಲೇಖನ ಪ್ರಕಟಿಸಿದರು. ಅದು ಬಂದದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ. ಆ ಸೊಸೈಟಿಯೂ 1883ರಲ್ಲಿ ಎಂಟು ಜನ ಹವ್ಯಾಸಿಗಳು ಸೇರಿ ಕಟ್ಟಿದ್ದು. ಅವರಲ್ಲಿ ಐಟ್‌ಕೆನ್ ಒಬ್ಬರು, ಇಬ್ಬರು ಭಾರತೀಯರು, ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ, ಇಬ್ಬರೂ ಡಾಕ್ಟರ್‌ಗಳು.

ಐಟ್‌ಕೆನ್ ಬರೆದ ಇನ್ನೊಂದು ಪುಸ್ತಕ ನನಗೆ ತುಂಬ ಇಷ್ಟವಾಯಿತು. ಬಂಗಲೆಯೊಳಗಿನ ಇಲಿ, ಹಲ್ಲಿ, ಸೊಳ್ಳೆ, ಇರುವೆ, ಕಾಗೆಗಳನ್ನು ಗಡಿಯಾಚೆಯ ಬುಡಕಟ್ಟುಗಳು ಅಂತ ಕರೆದು, ಅವುಗಳ ಜೊತೆ ತನ್ನ ವಿದೇಶಾಂಗ ನೀತಿ ಏನು ಅಂತ ತಮಾಷೆಯಾಗಿ ಬರೆದದ್ದು. ಆಫೀಸು ಮುಗಿಸಿ ಮನೆಗೆ ಬಂದು ಸುತ್ತ ಕಂಡದ್ದನ್ನು ನಗುನಗುತ್ತಾ ಬರೆಯುವ ಈ ಚಾಳಿ ನಮ್ಮ ಕಾಲದ್ದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ.

ಇವರನ್ನೆಲ್ಲ ಪೂಜೆ ಮಾಡಬೇಕಿಲ್ಲ. ಆ ಕಾಲದ ಹಕ್ಕಿ ಹವ್ಯಾಸ ಅಂದರೆ ಕೈಯಲ್ಲಿ ಕೋವಿ. ಕೊಂದು, ಚರ್ಮ ಸುಲಿದು, ಚೀಟಿ ಕಟ್ಟಿದರೇ ದಾಖಲೆ. ಕಾಡಿನಲ್ಲಿ ದಾರಿ ತೋರಿಸಿದವರು, ಮರ ಹತ್ತಿ ಗೂಡು ಇಳಿಸಿಕೊಟ್ಟವರು, ಎಲೆ ಮಗುಚಿ ಹುಳು ಹುಡುಕಿಕೊಟ್ಟವರು ನಮ್ಮ ಊರಿನವರು. ಅವರ ಹೆಸರು ಹೆಚ್ಚಿನ ಕಡೆ ಇಲ್ಲ. ದಾಖಲೆಯ ಚರಿತ್ರೆಯಲ್ಲಿ ಇದೂ ಒಂದು ರದ್ದಿಗೆ ಹೋದ ಪುಟವೇ.

ಕೋವಿ ಹೋಗಿ ಬೈನಾಕ್ಯುಲರ್ ಬರುವುದಕ್ಕೆ ಕಾಲ ಹಿಡಿಯಿತು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿಯ ಹಕ್ಕಿಗಳ ಸರ್ವೇ ಮಾಡಿದರು. ನಮ್ಮ ಕಡೆಯ ಹಕ್ಕಿಗಳ ಬಗ್ಗೆ ಮಾತಾಡುವ ಯಾರೇ ಆಗಲಿ ಮೊದಲು ತೆರೆಯುವ ಪಟ್ಟಿ ಅದು. ಆದರೆ ನನ್ನ ಮಾವನಂಥವರಿಗೆ ಬಾಗಿಲು ತೆರೆದದ್ದು ಇನ್ನೊಬ್ಬರು: ಜಾಫರ್ ಫತೇಹಲಿ. ಅವರದ್ದು ಬಿಸಿನೆಸ್. 1960ರ ಹೊತ್ತಿಗೆ ಮುಂಬಯಿಯಿಂದ ಹಕ್ಕಿ ನೋಡುವವರಿಗಾಗಿ ಒಂದು ನ್ಯೂಸ್‌ಲೆಟರ್ ಶುರು ಮಾಡಿದರು. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ನಮ್ಮ ಮನೆ ಹಿಂದೆ ಇಂಥ ಹಕ್ಕಿ ಗೂಡು ಕಟ್ಟಿದೆ, ಈ ಸಲ ಇಂಥ ಹಕ್ಕಿ ತಡವಾಗಿ ಬಂತು, ಈ ಹಕ್ಕಿ ಹೀಗ್ಯಾಕೆ ಮಾಡುತ್ತೆ ಯಾರಾದರೂ ಹೇಳ್ತೀರಾ ಅಂತ ದೇಶದ ಮೂಲೆ ಮೂಲೆಯಿಂದ ಜನ ಬರೆದರು. ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬರ ಉತ್ತರ. ಪದವಿ ಯಾರೂ ಕೇಳಲಿಲ್ಲ. ಕಂಡದ್ದನ್ನು ಸರಿಯಾಗಿ ಬರೆದರೆ ಸಾಕಿತ್ತು. ಮುಂದೆ ಫತೇಹಲಿ ಬೆಂಗಳೂರಿಗೆ ಬಂದು ನೆಲೆಸಿದರು, ನ್ಯೂಸ್‌ಲೆಟರ್ ಕೂಡ ಅವರ ಜೊತೆ ಬಂತು.

ಬೆಂಗಳೂರಿನಲ್ಲಿ ಆಗಲೇ ಒಂದು ಗುಂಪಿತ್ತು. ಪ್ಲೈವುಡ್ ಸಂಶೋಧನೆ ಮಾಡುತ್ತಿದ್ದ ಡಾ. ಜೋಸೆಫ್ ಜಾರ್ಜ್ 1972ರಲ್ಲಿ ಹಕ್ಕಿ ವೀಕ್ಷಕರ ಕ್ಲಬ್ ಶುರು ಮಾಡಿದ್ದರು. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಗಾಜಿನ ಮನೆ ಹತ್ತಿರ ಸೇರೋದು. ಯಾರು ಬೇಕಾದರೂ ಬರಬಹುದು. 1994ರಲ್ಲಿ ಈ ಗುಂಪು ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿಯನ್ನೇ ಪ್ರಕಟಿಸಿತು.

ಮಾವ ಆ ಗುಂಪಿಗೆ ಸೇರಿದವರು. ನಾನು ಮೂರ್ನಾಲ್ಕು ಸಲ ಅವರ ಜೊತೆ ಹೋಗಿದ್ದೇನೆ. ಏಳೆಂಟು ವರ್ಷದವನಿಗೆ ಅದು ಬರೀ ಬೋರು. ಯಾರೂ ಜೋರಾಗಿ ಮಾತಾಡಬಾರದು. ಮರದ ಕೆಳಗೆ ನಿಂತು ಕುತ್ತಿಗೆ ನೋಯುವ ತನಕ ಮೇಲೆ ನೋಡಬೇಕು. ಕುಟ್ರು ಕುಟ್ರು ಅಂತ ಒಂದು ಹಕ್ಕಿ ಕೂಗುತ್ತಿತ್ತು, ಕಾಣುತ್ತಿರಲಿಲ್ಲ. "ಕಾಣ್ದಿದ್ರೆ ಏನಂತೆ ಮರಿ, ಕೇಳಿಸ್ತಲ್ಲ, ಬರ್ಕೊಳೋಣ" ಅಂತ ಮಾವ ಜೇಬಿನಿಂದ ಚೀಟಿ ತೆಗೆಯುತ್ತಿದ್ದರು. ಮನೆಗೆ ಹೋಗಿ ಅದನ್ನು ಡೈರಿಗೆ ಇಳಿಸೋರು. ಅದೆಲ್ಲ ಮುಗಿದ ಮೇಲೆ ಎಂ.ಟಿ.ಆರ್. ಮುಂದೆ ಕಾದು ನಿಂತು ತಿನ್ನುವ ಮಸಾಲೆ ದೋಸೆಗಾಗಿ ಮಾತ್ರ ನಾನು ಹೋಗುತ್ತಿದ್ದೆ. "ಇದನ್ನೆಲ್ಲ ಬರೆದು ಏನ್ಮಾಡ್ತೀರ ಮಾವ?" ಅಂತ ಒಮ್ಮೆ ಕೇಳಿದ್ದೆ. "ಏನೂ ಇಲ್ಲ ಕಣೋ. ಇವತ್ತು ಇತ್ತು ಅಂತ ಯಾರಾದ್ರೂ ಬರೆದಿಡ್ಬೇಕಲ್ಲ" ಅಂದರು.

ಆ ಮಾತಿನ ಅರ್ಥ ನನಗೆ ಹೊಳೆದದ್ದು ಒಂದು ವರದಿ ಓದಿದಾಗ.

ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯನ್ನು ಸುಮಾರು 30,000 ಹಕ್ಕಿ ವೀಕ್ಷಕರು ದಾಖಲಿಸಿದ 3 ಕೋಟಿ ವೀಕ್ಷಣೆಗಳಿಂದ ತಯಾರಿಸಿದ್ದಾರೆ. ನಮ್ಮ ನಿಮ್ಮ ಥರ ಕೆಲಸ ಮಾಡಿಕೊಂಡು ಬೆಳಗ್ಗೆ ಪಾರ್ಕಿನಲ್ಲಿ ನಿಂತು ಮೊಬೈಲಿನಲ್ಲಿ ಪಟ್ಟಿ ಮಾಡುವವರೇ ಅವರಲ್ಲಿ ಹೆಚ್ಚು. ಒಟ್ಟು 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿದರು. ಆದರೆ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದದ್ದು 338 ಜಾತಿಗಳಿಗೆ ಮಾತ್ರ. ಅವುಗಳಲ್ಲಿ 204 ಕಡಿಮೆಯಾಗಿವೆ, 98 ಸ್ಥಿರ, 36 ಹೆಚ್ಚಾಗಿವೆ. ಉಳಿದ ಆರುನೂರಕ್ಕೂ ಹೆಚ್ಚು ಜಾತಿಗಳ ಬಗ್ಗೆ ಹೀಗೆ ಖಚಿತವಾಗಿ ಹೇಳಲು ಆಗಲಿಲ್ಲ. 2000ಕ್ಕಿಂತ ಮೊದಲಿನ ದಾಖಲೆ ಸಾಲದಿರುವುದು ಇದಕ್ಕೆ ಒಂದು ದೊಡ್ಡ ಕಾರಣ.

2000ಕ್ಕಿಂತ ಮೊದಲಿನ ದಾಖಲೆ. ಅದನ್ನೇ ಅಲ್ಲವೇ ನಾನು ರಟ್ಟು ಕಿತ್ತು ಕೊಟ್ಟದ್ದು?

ಒಬ್ಬ ಬ್ಯಾಂಕ್ ನೌಕರನ ಡೈರಿಯಿಂದ ದೇಶದ ಲೆಕ್ಕ ತಲೆಕೆಳಗಾಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಹಳೆಯ ದಾಖಲೆ ಇಲ್ಲದಿದ್ದರೆ ನಾವು ಬಾಯಿಗೆ ಬಂದದ್ದನ್ನು ಚರಿತ್ರೆ ಅಂದುಕೊಳ್ಳುತ್ತೇವೆ. ಗುಬ್ಬಿಯನ್ನೇ ತಗೊಳ್ಳಿ. ಗುಬ್ಬಿ ನಾಶವಾಗಿಹೋಯ್ತು ಅಂತ ನಾವೆಲ್ಲ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಿದವರೇ. 2020ರ ವರದಿಯ ಪ್ರಕಾರ ದೇಶದ ಮಟ್ಟದಲ್ಲಿ ಗುಬ್ಬಿಯ ಸಂಖ್ಯೆ ಹೆಚ್ಚು ಕಡಿಮೆ ಸ್ಥಿರವಾಗಿದೆ, ಇಳಿದಿರುವುದು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ. ಈ ಎರಡು ಮಾತಿನ ನಡುವಿನ ವ್ಯತ್ಯಾಸ ಗೊತ್ತಾಗಿದ್ದು ಯಾರೋ ಎಲ್ಲೋ ನಿಂತು ಗುಬ್ಬಿ 22 ಅಂತ ಬರೆದಿದ್ದರಿಂದ. ನಾನು ನೋಡಿ ನಕ್ಕು ಮುಚ್ಚಿದ ಸಾಲೂ ಅದೇ.

ಅಮೆರಿಕದ ಕಾಂಕರ್ಡ್ ಊರಿನ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ತನ್ನೂರಿನ ಯಾವ ಗಿಡ ಯಾವತ್ತು ಮೊದಲ ಹೂ ಬಿಟ್ಟಿತು ಅಂತ ವರ್ಷ ವರ್ಷ ಬರೆದಿಟ್ಟಿದ್ದ. ಒಂದೂವರೆ ಶತಮಾನದ ಮೇಲೆ ರಿಚರ್ಡ್ ಪ್ರೈಮ್ಯಾಕ್ ಅನ್ನುವ ವಿಜ್ಞಾನಿ ಮತ್ತವರ ಜೊತೆಗಾರರು ಅದೇ ಊರಿನಲ್ಲಿ ಓಡಾಡಿ ಹೋಲಿಸಿ ನೋಡಿದರು. ಹೂಗಳು ಸರಾಸರಿ ಒಂದು ವಾರ ಮೊದಲೇ ಅರಳುತ್ತಿದ್ದವು. ಥೋರೋ ಬರೆಯುವಾಗ ಹವಾಮಾನ ಬದಲಾವಣೆ ಅನ್ನುವ ಚಿಂತೆಯೇ ಯಾರಿಗೂ ಇರಲಿಲ್ಲ. ಬರೆದವನು ಒಂದು ಕಾರಣಕ್ಕೆ ಬರೆಯುತ್ತಾನೆ, ಓದುವವರಿಗೆ ಅದು ಬೇರೆಯೇ ಕಾರಣಕ್ಕೆ ಬೇಕಾಗುತ್ತದೆ. ಅದಕ್ಕೇ ಯಾವುದು ಮುಖ್ಯ ಅಂತ ಇವತ್ತು ತೀರ್ಮಾನ ಮಾಡುವ ಯೋಗ್ಯತೆ ನಮಗಿಲ್ಲ. ಮಾವನ ಡೈರಿಯಲ್ಲಿ ನಾನು 'ಮನೆಯ ವಿಷಯ' ಹುಡುಕಿದ್ದೇ ತಪ್ಪು. ಅವರು ಬರೆದದ್ದು ಊರಿನ ವಿಷಯ.

ಹೋದ ವರ್ಷ ದಸರಾ ರಜೆಯಲ್ಲಿ ಅಮ್ಮನ ಹತ್ತಿರ ಇದೆಲ್ಲ ಹೇಳಿಕೊಂಡೆ. ಇಷ್ಟು ವರ್ಷ ಅವಳಿಗೆ ಹೇಳಿರಲಿಲ್ಲ. ಅವಳ ಅಣ್ಣನ ಕೈಬರಹ ಅದು, ಹೇಳೋಕೆ ಧೈರ್ಯ ಬಂದಿರಲಿಲ್ಲ. ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ಒಂದು ನನ್ನ ಹತ್ರ ಇರ್ಬೇಕು ಕಣೋ" ಅಂದಳು.

ಅಡುಗೆಮನೆಯ ಮೇಲಿನ ಶೆಲ್ಫಿನಿಂದ, ಹಳೇ ಗ್ಯಾಸ್ ಬುಕ್, ರೇಷನ್ ಕಾರ್ಡಿನ ಕೆಳಗಿನಿಂದ ಹೊರಗೆ ಬಂತು 1984ರ ಡೈರಿ. ಆ ವರ್ಷ ಮಾವ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದಾಗ ಮರೆತು ಬಿಟ್ಟುಹೋಗಿದ್ದರಂತೆ. ಬಳಸದ ಪುಟಗಳು ಬೇಕಾದಷ್ಟು ಇದ್ದದ್ದರಿಂದ ಅಮ್ಮ ಹಿಂದಿನಿಂದ ಹಾಲಿನ ಲೆಕ್ಕ ಬರೆಯೋಕೆ ಶುರು ಮಾಡಿದ್ದಳು. "ಅಣ್ಣ ಮತ್ತೆ ಕೇಳಿದ್ದ. ಹಾಲಿನ ಲೆಕ್ಕ ಇದೆ, ಕೊಡಲ್ಲ ಅಂದಿದ್ದೆ." ಅಮ್ಮ ನಗಲು ಹೋದಳು, ಆಗಲಿಲ್ಲ.

ಹೀಗೆ ಉಳಿಯಿತು ನೋಡಿ. ಹಕ್ಕಿಗಳಿದ್ದಾವೆ ಅಂತಲ್ಲ, ಹಾಲಿನ ಲೆಕ್ಕ ಇದೆ ಅಂತ.

ಮುಂದಿನಿಂದ ಮಾವನ ಅಕ್ಷರ, ಹಿಂದಿನಿಂದ ಅಮ್ಮನ ಅಕ್ಷರ. ಒಂದು ಕಡೆ ಸೆಪ್ಟೆಂಬರ್ 9, ಎರಡನೇ ಭಾನುವಾರ. ಬೂದು ಸಿಪಿಲೆ, ಒಂದೇ, ಕೆರೆ ಏರಿ, ಬೆಳಗ್ಗೆ 7.20. ಕೆಳಗೆ ಗೆರೆ ಎಳೆದು "ಈ ವರ್ಷದ ಮೊದಲನೆಯದು" ಅಂತ ಬರೆದಿದ್ದಾರೆ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಇಲ್ಲಿಗೆ ಬರುವ, ಬಾಲ ಕುಣಿಸುತ್ತಾ ಓಡಾಡುವ ಸಣ್ಣ ಹಕ್ಕಿ. ಇಂಥ ವಲಸೆ ಹಕ್ಕಿಗಳ ಮೊದಲ ದಿನವನ್ನು ಬರೆದು ಕಳಿಸಿ ಅಂತ ಬೆಂಗಳೂರಿನಿಂದಲೇ 2007ರಲ್ಲಿ 'ಮೈಗ್ರಂಟ್‌ವಾಚ್' ಅನ್ನುವ ಯೋಜನೆ ಶುರುವಾಯಿತು. ಅದಕ್ಕೂ 23 ವರ್ಷ ಮೊದಲು, ಯಾರೂ ಕೇಳದೆ, ಮಾವ ಬರೆದಿಟ್ಟಿದ್ದರು.

ಆಫೀಸಿನ ಆ ಹುಡುಗಿ ಈಗ ಬೇರೆ ಕಂಪನಿಯಲ್ಲಿದ್ದಾಳೆ. ಫೋನ್ ಮಾಡಿದೆ. ಹಳೆಯ ಪಟ್ಟಿಗಳನ್ನೂ ಅವತ್ತಿನ ತಾರೀಖು ಹಾಕಿ 'ಇ-ಬರ್ಡ್'ಗೆ ಸೇರಿಸಬಹುದು ಅಂತ ಅವಳೇ ಹೇಳಿಕೊಟ್ಟಳು. ರಾತ್ರಿ ಊಟ ಆದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಓದೋದು, ನಾನು ಟೈಪ್ ಮಾಡೋದು. ಕೆಲವು ಹೆಸರು ಇಬ್ಬರಿಗೂ ಗೊತ್ತಾಗದೆ ಪುಸ್ತಕ ತೆಗೆದು ನೋಡುತ್ತಿದ್ದೆವು. ಹದಿನೈದು ದಿನದಲ್ಲಿ ಮುಗಿಯಿತು. ಒಂದು ವರ್ಷ ಉಳಿಯಿತು. ಇಪ್ಪತ್ತನಾಲ್ಕು ಹೋದವು.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಮಳೆ ಎಷ್ಟು ಬಂತು ಅಂತ ಕ್ಯಾಲೆಂಡರಿನ ಮೇಲೆ ಬರೆದಿಟ್ಟ ತಾತ, ಊರಿನ ನಾಟಕದ ಹ್ಯಾಂಡ್‌ಬಿಲ್ ಕೂಡಿಟ್ಟ ಚಿಕ್ಕಪ್ಪ, ಓದಿದ ಪುಸ್ತಕಕ್ಕೆಲ್ಲ ಎರಡು ಸಾಲು ಬರೆದ ಅತ್ತೆ, ತೋಟದ ಲೆಕ್ಕದ ಪುಸ್ತಕದಲ್ಲಿ ಮಾವಿನ ಹೂ ಬಂದ ದಿನ ಗುರುತು ಹಾಕಿದ ಅಜ್ಜಿ. ಮನೆ ಖಾಲಿ ಮಾಡುವ ದಿನ ನಿಮಗೂ ಬರುತ್ತದೆ, ನಿಮಗೂ ಸೋಮವಾರ ರಿಲೀಸ್ ಇರುತ್ತದೆ. ಅವತ್ತು ಆ ಕಟ್ಟನ್ನು ಪಕ್ಕಕ್ಕಿಡಿ. ಫೋಟೋ ತೆಗೆದುಕೊಳ್ಳೋಕೆ ಅರ್ಧ ದಿನ ಸಾಕು.

ನೀವೇ ಅಂಥ ಹುಚ್ಚಿನವರಾದರೆ ಒಂದೇ ಮಾತು: ತಾರೀಖು ಬರೆಯಿರಿ, ಜಾಗ ಬರೆಯಿರಿ.

ಈಗ ಎರಡನೇ ಭಾನುವಾರ ನಾನು ಲಾಲ್‌ಬಾಗಿಗೆ ಹೋಗುತ್ತೇನೆ. ಹಕ್ಕಿ ಗುರುತಿಸುವುದರಲ್ಲಿ ನಾನಿನ್ನೂ ದಡ್ಡ. ಹೋದ ಸೆಪ್ಟೆಂಬರಿನಲ್ಲಿ ಕೆರೆ ಏರಿ ಮೇಲೆ ಒಂದು ಗಂಟೆ ನಿಂತೆ, ಸಿಪಿಲೆ ಬರಲಿಲ್ಲ. ಬರಲಿಲ್ಲ ಅಂತ ಬರೆದುಕೊಂಡು, ದೋಸೆಗೆ ಕ್ಯೂ ನಿಲ್ಲೋಕೆ ಹೋದೆ.